ಕಲ್ಲಿನ ನಾರು, ಕೋಶದ ಹುಯಿಲು

ಗ್ಯಾರೇಜು, ಕೋಳಿ ಫಾರಂ, ರೈಸ್ ಮಿಲ್ಲು, ಸೈಕಲ್ ಸ್ಟ್ಯಾಂಡು, ಸಾಲು ಬಾಡಿಗೆ ಮನೆ. ಇವುಗಳ ನೆತ್ತಿಯ ಮೇಲೆ ಅಲೆಅಲೆಯಾಗಿ ಮಲಗಿರುವ ಬೂದು ಬಣ್ಣದ ಶೀಟನ್ನು ನೋಡದ ಕನ್ನಡಿಗರು ಇರಲಾರರು. ಕೆಲವರು ಸಿಮೆಂಟ್ ಶೀಟು ಎನ್ನುತ್ತಾರೆ, ಕೆಲವರು ಆಸ್ಬೆಸ್ಟಾಸ್ ಶೀಟು ಎನ್ನುತ್ತಾರೆ. ಎರಡೂ ಸರಿಯೇ. ಸಿಮೆಂಟಿನ ಜೊತೆ ಸುಮಾರು ಹತ್ತರಲ್ಲೊಂದು ಪಾಲು ಆಸ್ಬೆಸ್ಟಾಸ್ ನಾರು ಬೆರೆಸಿ ಅದನ್ನು ಮಾಡುತ್ತಾರೆ. ಆ ನಾರು ಎದೆಗೆ ಒಳ್ಳೆಯದಲ್ಲ, ಕ್ಯಾನ್ಸರ್ ತರುತ್ತದೆ ಎಂಬುದನ್ನೂ ಹೆಚ್ಚಿನವರು ಎಲ್ಲೋ ಓದಿರುತ್ತಾರೆ. ಹೇಗೆ ತರುತ್ತದೆ ಎಂದು ಕೇಳಿದರೆ ಮಾತ್ರ ಮಾತು ತಡವರಿಸುತ್ತದೆ.

ತಡವರಿಸಲೇಬೇಕು, ಏಕೆಂದರೆ ಆಸ್ಬೆಸ್ಟಾಸ್ ಒಂದು ಕಲ್ಲು. ಎಳೆದರೆ ಹತ್ತಿಯ ಹಾಗೆ ನಾರುನಾರಾಗಿ ಬಿಡಿಸಿಕೊಳ್ಳುತ್ತದೆ, ಆದರೂ ಕಲ್ಲೇ. ಬೆಂಕಿಗೆ ಉರಿಯುವುದಿಲ್ಲ, ನೀರಿಗೆ ಕೊಳೆಯುವುದಿಲ್ಲ, ಗೆದ್ದಲು ಹತ್ತಿರ ಸುಳಿಯುವುದಿಲ್ಲ. ಕಳೆದ ಶತಮಾನದ ಕೈಗಾರಿಕೆಗಳು ಅದನ್ನು ಬಾಯ್ಲರಿಗೆ ಸುತ್ತಿದ್ದು, ಹಡಗಿನ ಕೊಳವೆಗೆ ಹೊದಿಸಿದ್ದು, ಲಾರಿಯ ಬ್ರೇಕಿಗೆ ತುಂಬಿದ್ದು ಈ ಜಡತನಕ್ಕಾಗಿಯೇ. ಬೀಡಿ ಸಿಗರೇಟಿನ ಹೊಗೆಯಲ್ಲಿ ಡಿಎನ್‌ಎಗೆ ಅಂಟಿಕೊಂಡು ಅದರ ಅಕ್ಷರ ಕೆಡಿಸುವ ರಾಸಾಯನಿಕಗಳಿವೆ. ಅದು ಕ್ಯಾನ್ಸರ್ ತರುತ್ತದೆಂದರೆ ಅರ್ಥವಾಗುತ್ತದೆ. ಯಾವುದರ ಜೊತೆಗೂ ಬೆರೆಯದ ಕಲ್ಲಿಗೆ ಆ ಕೆಲಸ ಹೇಗೆ ಗೊತ್ತು?

ಒಗಟು ಇಷ್ಟಕ್ಕೇ ಮುಗಿಯುವುದಿಲ್ಲ. ನಾರನ್ನು ಉಸಿರಾಡಿದ ಮೇಲೆ ಕ್ಯಾನ್ಸರ್ ತಲೆಯೆತ್ತಲು 20ರಿಂದ 50 ವರ್ಷ ಬೇಕು. ಅಷ್ಟು ಕಾಲ ಒಳಗೆ ನಡೆಯುವುದಾದರೂ ಏನು? ಇನ್ನೊಂದು ಕಡೆ, ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮನುಷ್ಯ ಕೋಶಗಳ ಮೇಲೆ ಈ ನಾರು ಉದುರಿಸಿದರೆ ಕೋಶಗಳು ಸತ್ತೇ ಹೋಗುತ್ತವೆ. ಕ್ಯಾನ್ಸರ್ ಎಂದರೆ ಸಾಯಲು ಒಪ್ಪದ ಕೋಶಗಳ ರೋಗ. ಕೋಶವನ್ನು ಕೊಲ್ಲುವ ವಸ್ತು ಕೋಶವನ್ನು ಸಾವಿಲ್ಲದಂತೆ ಮಾಡುವುದು ಹೇಗೆ? ಈ ಕೊನೆಯ ಪ್ರಶ್ನೆಗೆ ಹವಾಯಿ ದ್ವೀಪಗಳ ಒಂದು ಸಂಶೋಧನಾ ತಂಡ ಕೊಟ್ಟ ಉತ್ತರದಲ್ಲಿ ಒಂದು ಪ್ರೋಟೀನಿನ ಹೆಸರಿದೆ. ಅಲ್ಲಿಗೆ ಹೋಗುವ ಮುನ್ನ ದಕ್ಷಿಣ ಆಫ್ರಿಕದಲ್ಲಿ ಒಂದು ಗಳಿಗೆ ನಿಲ್ಲಬೇಕು.

ಕಿಂಬರ್ಲಿಯ ಪಶ್ಚಿಮಕ್ಕೆ

ಆಸ್ಬೆಸ್ಟಾಸ್ ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುತ್ತದೆ ಎಂಬುದು ಇಂಗ್ಲೆಂಡಿನ ವೈದ್ಯರಿಗೆ 1920ರ ದಶಕದಲ್ಲೇ ಗೊತ್ತಾಗಿತ್ತು. ರಾಚ್‌ಡೇಲ್ ಊರಿನ ಆಸ್ಬೆಸ್ಟಾಸ್ ನೂಲಿನ ಕಾರ್ಖಾನೆಯಲ್ಲಿ ದುಡಿದಿದ್ದ ನೆಲ್ಲಿ ಕರ್ಷಾ 1924ರಲ್ಲಿ ತೀರಿಕೊಂಡಾಗ, ಅವರ ಶ್ವಾಸಕೋಶದಲ್ಲಿ ಕಲ್ಲಿನ ಚೂರುಗಳನ್ನು ಕಂಡ ಡಾಕ್ಟರ್ ಡಬ್ಲ್ಯು. ಇ. ಕುಕ್ ಅದೇ ವರ್ಷ ಆ ವಿಷಯ ಪ್ರಕಟಿಸಿದರು. ಮುಂದೆ ಆ ಕಾಯಿಲೆಗೆ ಆಸ್ಬೆಸ್ಟೋಸಿಸ್ ಎಂದು ಹೆಸರಾಯಿತು. 1955ರಲ್ಲಿ ರಿಚರ್ಡ್ ಡಾಲ್ ಅದೇ ಉದ್ಯಮದ ಕೆಲಸಗಾರರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಮಿತಿಮೀರಿದೆ ಎಂದು ತೋರಿಸಿದರು.

ಮೂರನೆಯ ಕಾಯಿಲೆ ಬೆಳಕಿಗೆ ಬಂದದ್ದು ವಜ್ರದ ಗಣಿಗೆ ಹೆಸರಾದ ಕಿಂಬರ್ಲಿಯಲ್ಲಿ. ಅಲ್ಲಿನ ಕ್ಷಯದ ಆಸ್ಪತ್ರೆಯ ವೈದ್ಯ ಸಿ. ಎ. ಸ್ಲೆಗ್ಸ್ ಅವರಿಗೆ 1950ರ ದಶಕದಲ್ಲಿ ಒಂದು ವಿಚಿತ್ರ ಗಮನಕ್ಕೆ ಬಂತು. ಎದೆಯಲ್ಲಿ ನೀರು ತುಂಬಿಕೊಂಡು ಬಂದವರನ್ನು ಕ್ಷಯವೆಂದೇ ಭಾವಿಸಿ ಹೊಸದಾಗಿ ಬಂದಿದ್ದ ಔಷಧಿ ಕೊಟ್ಟರೆ, ಬೇರೆ ಕಡೆಯವರು ಚೇತರಿಸಿಕೊಳ್ಳುತ್ತಿದ್ದರು. ಊರಿನ ಪಶ್ಚಿಮದಿಂದ ಬಂದ ಕೆಲವರು ಮಾತ್ರ ಏನು ಕೊಟ್ಟರೂ ಕುಗ್ಗುತ್ತಲೇ ಹೋಗುತ್ತಿದ್ದರು. ಪಶ್ಚಿಮಕ್ಕೆ ಇದ್ದದ್ದು ನೀಲಿ ಆಸ್ಬೆಸ್ಟಾಸಿನ ಬೆಟ್ಟಗಳು. ರೋಗಶಾಸ್ತ್ರಜ್ಞ ಕ್ರಿಸ್ ವ್ಯಾಗ್ನರ್ ಆ ರೋಗಿಗಳ ಎದೆಯ ಊತಕವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ಕ್ಷಯವಲ್ಲ, ವೈದ್ಯರು ತಮ್ಮ ಜೀವಮಾನದಲ್ಲಿ ಒಂದೆರಡು ಸಲ ಕಂಡರೆ ಹೆಚ್ಚು ಎನ್ನುವಷ್ಟು ಅಪರೂಪದ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್. ವ್ಯಾಗ್ನರ್, ಸ್ಲೆಗ್ಸ್, ಮಾರ್ಷಾಂ ಮೂವರು ಸೇರಿ 1960ರಲ್ಲಿ ಅಂಥ 33 ರೋಗಿಗಳ ವಿವರ ಪ್ರಕಟಿಸಿದರು. ಓದುವವರನ್ನು ಬೆಚ್ಚಿಬೀಳಿಸಿದ ಸಂಗತಿ ಬೇರೆಯೇ. ಅವರಲ್ಲಿ ಎಲ್ಲರೂ ಗಣಿಯಲ್ಲಿ ದುಡಿದವರಾಗಿರಲಿಲ್ಲ. ಗಣಿಯ ಆಸುಪಾಸಿನಲ್ಲಿ ಹುಟ್ಟಿ, ಚಿಕ್ಕಂದಿನಲ್ಲಿ ಅಲ್ಲಿದ್ದು, ಆಮೇಲೆ ಊರು ಬಿಟ್ಟು ಹೋಗಿ ಬೇರೆ ಕೆಲಸ ಹಿಡಿದವರೂ ಇದ್ದರು.

ಈ ಕ್ಯಾನ್ಸರ್ ಹುಟ್ಟುವುದು ಶ್ವಾಸಕೋಶದ ಒಳಗಲ್ಲ, ಅದರ ಹೊರಗೆ ಹೊದ್ದ ಎರಡು ಪದರದ ಎದೆಪೊರೆಯಲ್ಲಿ. ವೈದ್ಯರು ಅದನ್ನು ಪ್ಲೂರಾ ಎನ್ನುತ್ತಾರೆ. ಪದರಗಳ ನಡುವೆ ಒಂದಿಷ್ಟು ದ್ರವವಿರುತ್ತದೆ, ಉಸಿರೆಳೆದಾಗಲೆಲ್ಲ ಅವು ಒಂದರ ಮೇಲೊಂದು ಜಾರುತ್ತವೆ. ಪೊರೆಯ ಮೈಗೆ ಒಂದೇ ಸಾಲಿನ ಚಪ್ಪಟೆ ಕೋಶಗಳ ಅಸ್ತರಿ ಇದೆ. ಅವೇ ಮೀಸೋಥೀಲಿಯಲ್ ಕೋಶಗಳು. ಈ ಅಧ್ಯಾಯದ ಉಳಿದ ಕತೆಯೆಲ್ಲ ನಡೆಯುವುದು ಅವುಗಳ ನಡುವೆ.

ಉದ್ದದಲ್ಲಿರುವ ಕಿಡಿಗೇಡಿತನ

ಕಲ್ಲಿನ ರಾಸಾಯನಿಕ ಗುಣದಲ್ಲಿ ಉತ್ತರ ಸಿಗದಾಗ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಮರ್ಲ್ ಸ್ಟಾಂಟನ್ ಆಕಾರವನ್ನು ಅಳೆಯತೊಡಗಿದರು. ಇಲಿಗಳ ಎದೆಪೊರೆಗೆ ಬಗೆಬಗೆಯ ನಾರುಗಳನ್ನು ತಾಗಿಸಿ ನೋಡಿದರು. ಆಸ್ಬೆಸ್ಟಾಸ್ ಇತ್ತು, ಗಾಜಿನ ನಾರಿತ್ತು, ಬೇರೆ ಖನಿಜಗಳೂ ಇದ್ದವು. ಯಾವ ವಸ್ತು ಎಂಬುದಕ್ಕಿಂತ ಎಷ್ಟು ಉದ್ದ, ಎಷ್ಟು ಸಪೂರ ಎಂಬುದರ ಮೇಲೆ ಗೆಡ್ಡೆಗಳ ಲೆಕ್ಕ ನಿಂತಿತ್ತು. 8 ಮೈಕ್ರಾನಿಗಿಂತ ಉದ್ದ, 0.25 ಮೈಕ್ರಾನಿಗಿಂತ ತೆಳು: ಅತಿ ಹೆಚ್ಚು ಅಪಾಯ ಈ ಅಳತೆಯ ನಾರಿನದು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವಿರುತ್ತದೆ ಎಂದರೆ ಈ ನಾರಿನ ಸಪೂರತನ ಅಂದಾಜಿಗೆ ಸಿಗಬಹುದು. ಅಷ್ಟು ತೆಳುವಾದ್ದರಿಂದಲೇ ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ, ಶ್ವಾಸನಾಳದ ಕವಲುಗಳನ್ನೆಲ್ಲ ದಾಟಿ ತುದಿಯ ಗಾಳಿಗೂಡಿನವರೆಗೂ ಇಳಿಯುತ್ತದೆ.

ಇಳಿದಲ್ಲಿ ಕಾಯುತ್ತಿರುವುದು ಮ್ಯಾಕ್ರೋಫೇಜ್ ಎಂಬ ಕಬಳಿಸುವ ಕೋಶ. ಧೂಳು, ಬ್ಯಾಕ್ಟೀರಿಯಾ, ಸತ್ತ ಕೋಶದ ಚೂರು ಏನೇ ಸಿಕ್ಕರೂ ಸುತ್ತುವರಿದು ನುಂಗಿ ಅರಗಿಸುವುದು ಅದರ ಕಸುಬು. ಅದರ ಅಗಲವೇ 15ರಿಂದ 20 ಮೈಕ್ರಾನ್. ತನಗಿಂತ ಉದ್ದದ ನಾರನ್ನು ಅದು ಒಂದು ತುದಿಯಿಂದ ನುಂಗಲು ಹೊರಡುತ್ತದೆ. ಇನ್ನೊಂದು ತುದಿ ಹೊರಗೇ ಉಳಿಯುತ್ತದೆ, ಬಾಯಿ ಮುಚ್ಚಲಾಗುವುದಿಲ್ಲ. ಒಳಗೆ ಬಿದ್ದ ಶತ್ರುವನ್ನು ಸುಡಲೆಂದು ಇಟ್ಟುಕೊಂಡಿದ್ದ ಹೈಡ್ರೋಜನ್ ಪೆರಾಕ್ಸೈಡಿನಂಥ ತೀಕ್ಷ್ಣ ವಸ್ತುಗಳು ಆ ತೆರೆದ ಬಾಯಿಯಿಂದ ಸುತ್ತಲಿನ ಕೋಶಗಳ ಮೇಲೆ ಸುರಿಯುತ್ತವೆ. ನೀಲಿ ಆಸ್ಬೆಸ್ಟಾಸಿನಲ್ಲಿ ತೂಕದ ಸುಮಾರು ಕಾಲು ಭಾಗ ಕಬ್ಬಿಣವೇ ಇರುವುದರಿಂದ ಪರಿಸ್ಥಿತಿ ಇನ್ನೂ ಕೆಡುತ್ತದೆ. ನಾರಿನ ಮೈಮೇಲಿನ ಕಬ್ಬಿಣವು ಪೆರಾಕ್ಸೈಡನ್ನು ಮುರಿದು ಅದಕ್ಕಿಂತಲೂ ಉಗ್ರವಾದ ಆಮ್ಲಜನಕದ ತುಣುಕುಗಳನ್ನು ಹುಟ್ಟಿಸುತ್ತದೆ. ಜಡವೆಂದುಕೊಂಡಿದ್ದ ಕಲ್ಲು ಪೂರ್ತಿ ಜಡವೇನಲ್ಲ.

ದೇಹ ಸುಮ್ಮನೆ ಕೂರುವುದಿಲ್ಲ. ಕೆಲವು ನಾರುಗಳಿಗೆ ಕಬ್ಬಿಣ ಹಿಡಿದಿಡುವ ಪ್ರೋಟೀನಿನ ಲೇಪ ಬಳಿದು ಮುಚ್ಚಲು ನೋಡುತ್ತದೆ. ಆಸ್ಬೆಸ್ಟಾಸ್ ಕೆಲಸಗಾರರ ಶ್ವಾಸಕೋಶದ ತೆಳು ಹೋಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಇವು ಎದ್ದು ಕಾಣುತ್ತವೆ: ನಡುವೆ ಪಾರದರ್ಶಕವಾದ ನೆಟ್ಟನೆಯ ನಾರು, ಅದರುದ್ದಕ್ಕೂ ಪೋಣಿಸಿದಂತೆ ಹೊಂಬಣ್ಣ ಬೆರೆತ ಕಂದು ಗಂಟುಗಳು, ಎರಡು ತುದಿಯಲ್ಲಿ ದಪ್ಪ ಗುಂಡು. ರೋಗಶಾಸ್ತ್ರಜ್ಞರು ಇದನ್ನು ಆಸ್ಬೆಸ್ಟಾಸ್ ಬಾಡಿ ಎನ್ನುತ್ತಾರೆ. ನೋಡಲು ಚೆಂದ. ಆದರೆ ಒಂದು ನಾರಿಗೆ ಲೇಪ ಹಚ್ಚುವ ಹೊತ್ತಿಗೆ ಲೇಪವಿಲ್ಲದ ಹಲವು ನಾರುಗಳು ಎದೆಪೊರೆ ಸೇರಿರುತ್ತವೆ. ಪೊರೆಯ ಹೊರಪದರದಲ್ಲಿ ದ್ರವ ಬಸಿದು ಹೋಗಲು ಕೆಲವೇ ಮೈಕ್ರಾನ್ ಅಗಲದ ಕಿಂಡಿಗಳಿವೆ. ಗಿಡ್ಡ ನಾರು ಅವುಗಳ ಮೂಲಕ ಹೊರಟುಹೋಗುತ್ತದೆ, ಉದ್ದದ್ದು ಕಿಂಡಿಯ ಬಾಯಲ್ಲಿ ಸಿಕ್ಕಿಕೊಂಡು ಅಲ್ಲೇ ನಿಲ್ಲುತ್ತದೆ.

ಆಕಾರದ ಈ ವಾದಕ್ಕೆ 2008ರಲ್ಲಿ ಅನಿರೀಕ್ಷಿತ ಕಡೆಯಿಂದ ಬೆಂಬಲ ಬಂತು. ಎಡಿನ್‌ಬರೋದ ಕೆನ್ ಡೊನಾಲ್ಡ್‌ಸನ್ ಮತ್ತು ಸಂಗಡಿಗರು ಇಂಗಾಲದ ನ್ಯಾನೋ ಕೊಳವೆಗಳನ್ನು ಇಲಿಗಳ ಹೊಟ್ಟೆಯ ಒಳಪೊರೆಗೆ ತಾಗಿಸಿದರು. ಉದ್ದ ಕೊಳವೆಗಳು ಆಸ್ಬೆಸ್ಟಾಸಿನಂತೆಯೇ ಉರಿಯೂತ ಎಬ್ಬಿಸಿದವು, ಗಿಡ್ಡವು ಎಬ್ಬಿಸಲಿಲ್ಲ. ಕಲ್ಲೇ ಇಲ್ಲದೆಯೂ ಅದೇ ಅನಾಹುತ.

ಸಾಯಬೇಕಾದವು ಸಾಯದೆ ಉಳಿದಾಗ

ಹೊನಲೂಲುವಿನಲ್ಲಿರುವ ಹವಾಯಿ ವಿಶ್ವವಿದ್ಯಾಲಯದ ಕ್ಯಾನ್ಸರ್ ಕೇಂದ್ರದಲ್ಲಿ ಈ ಕ್ಯಾನ್ಸರಿನ ಬೆನ್ನು ಹತ್ತಿದವರಲ್ಲಿ ಇಬ್ಬರು ಮುಖ್ಯರು: ಮಿಕೇಲೆ ಕಾರ್ಬೋನೆ ಮತ್ತು ಹೈನಿಂಗ್ ಯಾಂಗ್. ಕಾರ್ಬೋನೆಯವರ ಬಗ್ಗೆ ಒಂದು ಮಾತು ಹೇಳಿಬಿಡಬೇಕು. 1990ರ ದಶಕದಲ್ಲಿ ಇದೇ ಕ್ಯಾನ್ಸರಿನ ಗೆಡ್ಡೆಗಳಲ್ಲಿ ಎಸ್‌ವಿ-40 ಎಂಬ ಮಂಗದ ವೈರಸ್ ಸಿಕ್ಕಿತೆಂದು ಹೇಳಿದವರಲ್ಲಿ ಅವರೂ ಒಬ್ಬರು. ಆ ವಾದವನ್ನು ಬೇರೆ ಪ್ರಯೋಗಶಾಲೆಗಳು ಬಲವಾಗಿ ಪ್ರಶ್ನಿಸಿದವು. ಹಾಗೆಂದು ಅವರ ಮುಂದಿನ ಕೆಲಸವನ್ನು ತಳ್ಳಿಹಾಕಬೇಕಿಲ್ಲ, ಕಣ್ಣು ಮುಚ್ಚಿ ಒಪ್ಪಲೂಬೇಕಿಲ್ಲ.

2006ರಲ್ಲಿ ಈ ತಂಡ ಮೊದಲು ಎತ್ತಿಕೊಂಡದ್ದು ಸಾವಿನ ಒಗಟನ್ನು. ಮೀಸೋಥೀಲಿಯಲ್ ಕೋಶಗಳ ಮೇಲೆ ನೀಲಿ ಆಸ್ಬೆಸ್ಟಾಸ್ ಹಾಕಿದರೆ ಸಾಯುತ್ತವೆ ಎಂಬುದು ಸರಿ. ಆದರೆ ದೇಹದೊಳಗೆ ಆ ಕೋಶ ಒಂಟಿಯಾಗಿ ಇರುವುದಿಲ್ಲ, ಪಕ್ಕದಲ್ಲೇ ಮ್ಯಾಕ್ರೋಫೇಜ್ ಇರುತ್ತದೆ. ನಾರು ನುಂಗಲು ಹೆಣಗುವ ಮ್ಯಾಕ್ರೋಫೇಜ್ ಟಿಎನ್‌ಎಫ್-ಆಲ್ಫಾ ಎಂಬ ಉರಿಯೂತದ ಸಂದೇಶವನ್ನು ಹೊರಹಾಕುತ್ತದೆ. ಅದೇ ವಸ್ತುವನ್ನು ತಟ್ಟೆಗೆ ಸೇರಿಸಿ ಮತ್ತೆ ಆಸ್ಬೆಸ್ಟಾಸ್ ಹಾಕಿದಾಗ ಸಾಯುವ ಕೋಶಗಳ ಸಂಖ್ಯೆ ಇಳಿಯಿತು. ಟಿಎನ್‌ಎಫ್ ಹೋಗಿ ಕೋಶದ ಒಳಗಿನ ಒಂದು ಸ್ವಿಚ್ಚನ್ನು ಒತ್ತುತ್ತದೆ. ಎನ್‌ಎಫ್-ಕಪ್ಪಾ-ಬಿ ಎಂಬುದು ಅದರ ಹೆಸರು. ಒತ್ತಿದರೆ, ಸಾಯಬೇಡ, ತಡೆದುಕೋ ಎಂಬ ಆಜ್ಞೆ ಜಾರಿಗೆ ಬರುತ್ತದೆ.

ಇದರ ಅರ್ಥವನ್ನು ನಿಧಾನವಾಗಿ ನೋಡಬೇಕು. ಡಿಎನ್‌ಎ ಹರಿದುಹೋದ ಕೋಶ ಸತ್ತರೆ ದೇಹಕ್ಕೆ ಲಾಭ. ಇಲ್ಲಿ ಉರಿಯೂತವು ಅಂಥ ಕೋಶಗಳಲ್ಲಿ ಕೆಲವನ್ನು ಉಳಿಸಿಬಿಡುತ್ತದೆ. ಉಳಿದವು ಹರಿದ ಡಿಎನ್‌ಎ ಇಟ್ಟುಕೊಂಡೇ ಒಡೆದು ಎರಡಾಗುತ್ತವೆ. ಗಾಯ ಮಾಡುವುದು ನಾರಿನ ಕೆಲಸ, ಗಾಯಗೊಂಡದ್ದನ್ನು ಬದುಕಿಸುವುದು ನಮ್ಮದೇ ರಕ್ಷಣಾ ವ್ಯವಸ್ಥೆಯ ಕೆಲಸ.

ಅರ್ಧ ಉತ್ತರ ಸಿಕ್ಕಿತು. ಇನ್ನರ್ಧ ಉಳಿದೇ ಇತ್ತು. ಧೂಳು ಹೋಗಿ ದಶಕಗಳಾದ ಮೇಲೂ ಈ ಉರಿಯೂತ ಆರದೆ ಇರುವುದೇಕೆ? ಮ್ಯಾಕ್ರೋಫೇಜುಗಳನ್ನು ದಿನವೂ ಅಲ್ಲಿಗೆ ಕರೆಯುತ್ತಿರುವವರು ಯಾರು?

ಎರಡು ಬಗೆಯ ಸಾವು

ಕರೆಯುವವನನ್ನು ಹುಡುಕಿದ ಕತೆ ಆಸ್ಬೆಸ್ಟಾಸಿಗೆ ಸಂಬಂಧವೇ ಇಲ್ಲದ ಕಡೆ ಶುರುವಾಗುತ್ತದೆ. 1973ರಲ್ಲಿ ಲಂಡನ್ನಿನಲ್ಲಿ ಗುಡ್‌ವಿನ್, ಸ್ಯಾಂಡರ್ಸ್, ಜಾನ್ಸ್ ಎಂಬ ಮೂವರು ಕರುವಿನ ಥೈಮಸ್ ಗ್ರಂಥಿಯ ಕೋಶಕೇಂದ್ರಗಳಿಂದ ಪ್ರೋಟೀನುಗಳನ್ನು ಬೇರ್ಪಡಿಸುತ್ತಿದ್ದರು. ವಿದ್ಯುತ್ ಹರಿಸಿದ ಜೆಲ್ಲಿನಲ್ಲಿ ಕೆಲವು ಪ್ರೋಟೀನುಗಳು ಉಳಿದವನ್ನು ಹಿಂದೆ ಹಾಕಿ ಸರಸರನೆ ಓಡಿದವು. ಅವಕ್ಕೆ ಕೊಟ್ಟ ಉದ್ದದ ಹೆಸರನ್ನು ಇಂದು ಎಚ್‌ಎಂಜಿ ಎಂದು ಚುಟುಕಾಗಿ ಕರೆಯುತ್ತಾರೆ. ಅವುಗಳಲ್ಲೊಂದು ಎಚ್‌ಎಂಜಿಬಿ-1. ನಮ್ಮ ಹೆಚ್ಚುಕಡಿಮೆ ಎಲ್ಲ ಕೋಶಗಳ ಕೇಂದ್ರದಲ್ಲೂ ಅದು ಧಾರಾಳವಾಗಿದೆ. ಡಿಎನ್‌ಎ ಎಳೆಗೆ ಅಂಟಿಕೊಂಡು ಅದನ್ನು ಬೇಕಾದಂತೆ ಬಾಗಿಸುವುದು, ಜೀನುಗಳನ್ನು ಓದಲು ಬರುವ ಯಂತ್ರಗಳಿಗೆ ಜಾಗ ಮಾಡಿಕೊಡುವುದು ಅದರ ದಿನಗೆಲಸ. ಇಪ್ಪತ್ತೈದು ವರ್ಷ ಅದರ ಬಗ್ಗೆ ತಲೆಕೆಡಿಸಿಕೊಂಡವರು ಹೆಚ್ಚಾಗಿ ಡಿಎನ್‌ಎ ತಜ್ಞರು.

1999ರಲ್ಲಿ ನ್ಯೂಯಾರ್ಕಿನ ಕೆವಿನ್ ಟ್ರೇಸಿ ಅವರ ತಂಡ ರಕ್ತನಂಜು ಏರಿಸಿದ ಇಲಿಗಳ ರಕ್ತದಲ್ಲಿ ಈ ಪ್ರೋಟೀನನ್ನು ಕಂಡಿತು. ಕೋಶಕೇಂದ್ರದಲ್ಲಿ ಇರಬೇಕಾದದ್ದು ರಕ್ತದಲ್ಲೇಕೆ ತೇಲುತ್ತಿದೆ? ಅದನ್ನು ತಡೆಯುವ ಪ್ರತಿಕಾಯ ಕೊಟ್ಟರೆ ಹೆಚ್ಚು ಇಲಿಗಳು ಬದುಕಿದವು. ಮೂರು ವರ್ಷದ ಬಳಿಕ ಇಟಲಿಯ ಮಿಲಾನಿನ ಮಾರ್ಕೊ ಬಿಯಾಂಕಿ ಮತ್ತು ಸಹೋದ್ಯೋಗಿಗಳು ಒಗಟು ಬಿಡಿಸಿದರು. ಕೋಶ ಹೇಗೆ ಸಾಯುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಕೋಶಕ್ಕೆ ಎರಡು ಬಗೆಯ ಸಾವಿದೆ. ಒಂದು ಅಚ್ಚುಕಟ್ಟಿನ ಸಾವು, ಅಪಾಪ್ಟೋಸಿಸ್. ಬಾಡಿಗೆಯವರು ಸಾಮಾನೆಲ್ಲ ಗಂಟು ಕಟ್ಟಿ, ಬಾಗಿಲು ಹಾಕಿ, ಬೀಗದ ಕೈ ಕೊಟ್ಟು ಮನೆ ಖಾಲಿ ಮಾಡಿದ ಹಾಗೆ. ಅಕ್ಕಪಕ್ಕದವರಿಗೆ ಗೊತ್ತೂ ಆಗುವುದಿಲ್ಲ. ಇನ್ನೊಂದು ಒಡೆದು ಸಾಯುವುದು, ನೆಕ್ರೋಸಿಸ್. ಮಳೆಗೆ ನೆನೆದ ಮಣ್ಣಿನ ಗೋಡೆ ರಾತ್ರೋರಾತ್ರಿ ಕುಸಿದು ಒಳಗಿನದ್ದೆಲ್ಲ ಬೀದಿಗೆ ಬಿದ್ದ ಹಾಗೆ. ಪಾತ್ರೆಪಗಡೆ ಬೀದಿಯಲ್ಲಿದ್ದರೆ ಯಾರೂ ಓಡಿ ಬರಲಿಕ್ಕಿಲ್ಲ. ದೇವರ ಕೋಣೆಯ ಪೆಟ್ಟಿಗೆ ಬೀದಿಯಲ್ಲಿ ಕಂಡರೆ ಕೇರಿಯೇ ಓಡಿ ಬರುತ್ತದೆ. ಅದು ಎಂದೂ ಮನೆಯಿಂದ ಹೊರಗೆ ಬರುವ ವಸ್ತುವಲ್ಲ, ಬಂದಿದೆ ಎಂದರೆ ಒಳಗೆ ಅನಾಹುತವಾಗಿದೆ ಎಂದೇ ಅರ್ಥ. ಎಚ್‌ಎಂಜಿಬಿ-1 ಆ ಪೆಟ್ಟಿಗೆ.

ಅಚ್ಚುಕಟ್ಟಿನ ಸಾವಿನಲ್ಲಿ ಅದು ಡಿಎನ್‌ಎಗೆ ಬಿಗಿಯಾಗಿ ಕಚ್ಚಿಕೊಂಡು ಅಲ್ಲೇ ಉಳಿಯುತ್ತದೆ. ಒಡೆದು ಸತ್ತ ಕೋಶದಿಂದ ಹೊರಕ್ಕೆ ಸೋರುತ್ತದೆ. ಹಾದಿಯಲ್ಲಿರುವ ಮ್ಯಾಕ್ರೋಫೇಜುಗಳ ಮೈಮೇಲೆ ಅದನ್ನು ಗುರುತಿಸುವ ಗ್ರಾಹಕಗಳಿವೆ. ಇದನ್ನು ಹುಯಿಲು ಪ್ರೋಟೀನು ಎಂದು ಕರೆದರೆ ತಪ್ಪಿಲ್ಲ. ಬಿಯಾಂಕಿ ತಂಡ ಎಚ್‌ಎಂಜಿಬಿ-1 ಇಲ್ಲದ ಕೋಶಗಳನ್ನು ಬೆಳೆಸಿ ಅವನ್ನೂ ಒಡೆದು ಸಾಯುವಂತೆ ಮಾಡಿತು. ಆಗ ಉರಿಯೂತ ಬಹಳ ಕಡಿಮೆಯಾಯಿತು. ಕೂಗುತ್ತಿದ್ದದ್ದು ಇದೇ ಎಂದು ಖಚಿತವಾದದ್ದು ಹೀಗೆ.

ಹುಯಿಲು ಸಾಮಾನ್ಯವಾಗಿ ಒಳ್ಳೆಯದು. ಕೈಗೆ ಕತ್ತಿ ತಗುಲಿ ಕೋಶಗಳು ಒಡೆದಾಗ ದುರಸ್ತಿಯವರನ್ನು ಕರೆಯುವುದು ಇಂಥ ಪ್ರೋಟೀನುಗಳೇ. ಎರಡು ಮೂರು ದಿನದಲ್ಲಿ ಗಾಯ ಮಾಗುತ್ತದೆ, ಕೂಗು ನಿಲ್ಲುತ್ತದೆ.

ಹೊನಲೂಲುವಿನ 2010ರ ಪ್ರಯೋಗ

ಯಾಂಗ್ ಮತ್ತು ಕಾರ್ಬೋನೆ ಈ ಎರಡು ಎಳೆಗಳನ್ನು ಜೋಡಿಸಿದರು. ಬಿಯಾಂಕಿ ಕೂಡ ಅದನ್ನು ವರದಿ ಮಾಡಿದ ಲೇಖನದ ಲೇಖಕರಲ್ಲೊಬ್ಬರು. ಮನುಷ್ಯರ ಮೀಸೋಥೀಲಿಯಲ್ ಕೋಶಗಳ ಮೇಲೆ ನೀಲಿ ಆಸ್ಬೆಸ್ಟಾಸ್ ಹಾಕಿ ಅವು ಹೇಗೆ ಸಾಯುತ್ತವೆ ಎಂದು ಹಂತಹಂತವಾಗಿ ನೋಡಿದರು. ಅಚ್ಚುಕಟ್ಟಿನ ಸಾವು ಅದಾಗಿರಲಿಲ್ಲ. ನಾರು ತಾಗಿದ ಕೋಶದಲ್ಲಿ ಪೆರಾಕ್ಸೈಡ್ ಏರುತ್ತದೆ. ಡಿಎನ್‌ಎ ಅಲ್ಲಲ್ಲಿ ತುಂಡಾಗುತ್ತದೆ. ತುಂಡುಗಳನ್ನು ಸರಿಪಡಿಸಲು ಹೊರಟ ಪಾರ್ಪ್ ಎಂಬ ಕಿಣ್ವ ಮಿತಿಮೀರಿ ದುಡಿದು ಕೋಶದ ಇಂಧನವನ್ನೇ ಬರಿದು ಮಾಡುತ್ತದೆ. ಶಕ್ತಿ ಬತ್ತಿದ ಕೋಶಕ್ಕೆ ಗಂಟುಮೂಟೆ ಕಟ್ಟುವ ತ್ರಾಣವೂ ಉಳಿಯುವುದಿಲ್ಲ, ಒಡೆಯುತ್ತದೆ. ಎಚ್‌ಎಂಜಿಬಿ-1ಕ್ಕೆ ಬಣ್ಣ ಹತ್ತಿಸಿ ನೋಡಿದಾಗ, ಕೇಂದ್ರದಲ್ಲಿ ಗುಂಡಗೆ ಹೊಳೆಯುತ್ತಿದ್ದದ್ದು ನಾರು ಬಿದ್ದ ಮೇಲೆ ಕೋಶದ ತುಂಬ ಹರಡಿ, ಕಡೆಗೆ ಹೊರಗಿನ ದ್ರವದಲ್ಲಿ ಸಿಕ್ಕಿತು.

ಹೊರಬಿದ್ದ ಹುಯಿಲು ಪ್ರೋಟೀನು ಮ್ಯಾಕ್ರೋಫೇಜಿಗೆ ತಾಗಿದಾಗ ಅದು ಟಿಎನ್‌ಎಫ್-ಆಲ್ಫಾ ಸುರಿಸಿತು. ಇಲ್ಲಿ ಸುತ್ತು ಪೂರ್ತಿಯಾಗುತ್ತದೆ. ನಾರು ಕೆಲವು ಕೋಶಗಳನ್ನು ಒಡೆದು ಕೊಲ್ಲುತ್ತದೆ, ಸತ್ತವು ಹುಯಿಲೆಬ್ಬಿಸುತ್ತವೆ, ಬಂದ ಮ್ಯಾಕ್ರೋಫೇಜುಗಳು ಟಿಎನ್‌ಎಫ್ ಸುರಿಸುತ್ತವೆ, ಅದರ ರಕ್ಷಣೆಯಲ್ಲಿ ಡಿಎನ್‌ಎ ಕೆಟ್ಟ ನೆರೆಯ ಕೋಶಗಳು ಸಾಯದೆ ಉಳಿಯುತ್ತವೆ, ಆ ಮ್ಯಾಕ್ರೋಫೇಜುಗಳೇ ನಾರನ್ನು ನುಂಗಲಾಗದೆ ಮತ್ತಷ್ಟು ಪೆರಾಕ್ಸೈಡ್ ಚೆಲ್ಲಿ ಇನ್ನಷ್ಟು ಕೋಶಗಳನ್ನು ಒಡೆಯುತ್ತವೆ. ನಾರು ಕರಗದಿರುವಷ್ಟು ದಿನವೂ ಇದು ತಿರುಗುತ್ತಲೇ ಇರುತ್ತದೆ. ನೀಲಿ ಆಸ್ಬೆಸ್ಟಾಸ್ ಮನುಷ್ಯನ ಜೀವಮಾನದಲ್ಲಿ ಕರಗುವುದಿಲ್ಲ. 20–50 ವರ್ಷದ ಕಾಯುವಿಕೆ ಎಂದರೆ ಈ ಸುತ್ತು ಸಾವಿರಾರು ಸಲ ತಿರುಗಿ, ಉಳಿದುಕೊಂಡ ಕೋಶಗಳಲ್ಲಿ ಒಂದರಲ್ಲಿ ಸಾಕಷ್ಟು ತಪ್ಪುಗಳು ಒಟ್ಟುಗೂಡಲು ಬೇಕಾದ ಕಾಲ. ನನಗೆ ಈ ಸಂಶೋಧನೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಕೊಲ್ಲುವ ವಸ್ತು ಕ್ಯಾನ್ಸರ್ ತರುವುದು ಹೇಗೆ ಎಂಬ ಪ್ರಶ್ನೆಗೆ ಸಾವೇ ಉತ್ತರವಾಯಿತು. ಸತ್ತ ಕೋಶಕ್ಕೆ ಕ್ಯಾನ್ಸರ್ ಬರುವುದಿಲ್ಲ, ಅದರ ನೆರೆಯ ಕೋಶಕ್ಕೆ ಬರುತ್ತದೆ.

ತಟ್ಟೆಯಲ್ಲಿ ಕಂಡದ್ದನ್ನು ತಂಡ ಪ್ರಾಣಿಗಳಲ್ಲೂ ಹುಡುಕಿತು. ಆಸ್ಬೆಸ್ಟಾಸ್ ಶೇಖರವಾದ ಜಾಗದ ಸುತ್ತ, ಉರಿಯೂತದ ಕೋಶಗಳಲ್ಲಿ ಎಚ್‌ಎಂಜಿಬಿ-1 ತುಂಬಿತ್ತು. ಹಿಂದೆ ಆಸ್ಬೆಸ್ಟಾಸ್ ಧೂಳಿನಲ್ಲಿ ಇದ್ದ ಜನರ ರಕ್ತದಲ್ಲೂ, ಅಂಥ ಸಂಪರ್ಕವಿಲ್ಲದವರಿಗೆ ಹೋಲಿಸಿದರೆ, ಅದರ ಪ್ರಮಾಣ ಹೆಚ್ಚಿತ್ತು. 2012ರಲ್ಲಿ ಇನ್ನೊಂದು ವಿಷಯ ಹೊರಬಂತು. ಮೀಸೋಥೀಲಿಯೋಮಾ ಆದ ಮೇಲೆ ಕ್ಯಾನ್ಸರ್ ಕೋಶಗಳು ತಾವೇ ಈ ಪ್ರೋಟೀನನ್ನು ಸುರಿಸಿಕೊಳ್ಳುತ್ತವೆ, ಅದನ್ನೇ ಬಳಸಿ ಬೆಳೆಯುತ್ತವೆ. ಅಷ್ಟು ಹೊತ್ತಿಗೆ ನಾರಿನ ಅಗತ್ಯವೂ ಅವಕ್ಕೆ ಇರುವುದಿಲ್ಲ.

ಕೆಲವರಿಗೇ ಏಕೆ?

ಒಂದೇ ಧೂಳು ಕುಡಿದವರಲ್ಲಿ ಹೆಚ್ಚಿನವರಿಗೆ ಈ ಕ್ಯಾನ್ಸರ್ ಬರುವುದಿಲ್ಲ. ಟರ್ಕಿಯ ಕಪ್ಪಡೋಕಿಯ ಪ್ರಾಂತದ ಕರಾಯಿನ್, ತುಜ್ಕೋಯ್ ಮೊದಲಾದ ಹಳ್ಳಿಗಳಲ್ಲಿ ಎರಿಯೊನೈಟ್ ಎಂಬ ಇನ್ನೊಂದು ನಾರುಗಲ್ಲಿನಿಂದ ಮೀಸೋಥೀಲಿಯೋಮಾ ಮನೆಮನೆಗೆ ಹರಡಿದ್ದನ್ನು ವೈದ್ಯ ಇಜ್ಜೆತ್ತಿನ್ ಬಾರಿಶ್ 1970ರ ದಶಕದಲ್ಲಿ ಗುರುತಿಸಿದ್ದರು. ಅಲ್ಲೂ ಕೆಲವು ಕುಟುಂಬಗಳಲ್ಲಿ ಸಾವು ಹೆಚ್ಚು, ಪಕ್ಕದ ಮನೆಯಲ್ಲಿ ಕಡಿಮೆ. ಆ ಜಾಡು ಹಿಡಿದು ಹುಡುಕಿದ ಕಾರ್ಬೋನೆ ಮತ್ತು ಜೋಸೆಫ್ ಟೆಸ್ಟಾ ಅವರ ತಂಡಗಳು 2011ರಲ್ಲಿ ಅಮೆರಿಕದ ಎರಡು ಕುಟುಂಬಗಳಲ್ಲಿ ಬ್ಯಾಪ್-1 ಎಂಬ ಜೀನಿನ ದೋಷ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದದ್ದನ್ನು ತೋರಿಸಿದವು. 2021ರಲ್ಲಿ ಅದರ ಕೊಂಡಿಯೂ ಸಿಕ್ಕಿತು. ಬ್ಯಾಪ್-1ರ ಪ್ರೋಟೀನು ಕೋಶಕೇಂದ್ರದಲ್ಲಿ ಎಚ್‌ಎಂಜಿಬಿ-1ರ ಜೊತೆಗೂಡಿ ಅದನ್ನು ಹಿಡಿದಿಡುವ ಕೂಟದಲ್ಲಿದೆ. ಬ್ಯಾಪ್-1 ಅರ್ಧಕ್ಕಿಳಿದವರಲ್ಲಿ ಹುಯಿಲು ಪ್ರೋಟೀನು ಸುಲಭವಾಗಿ ಹೊರಬೀಳುತ್ತದೆ. ಜೀನಿನ ದಾರಿಯೂ ಕಲ್ಲಿನ ದಾರಿಯೂ ಒಂದೇ ಬಾಗಿಲಿಗೆ ಬಂದು ಸೇರಿದವು.

ಆಸ್ಪಿರಿನ್ ಮಾತ್ರೆಯ ಸುದ್ದಿ

ಹುಯಿಲನ್ನು ಅಡಗಿಸಿದರೆ ರೋಗವನ್ನೂ ಅಡಗಿಸಬಹುದಲ್ಲವೇ? ಆಸ್ಪಿರಿನ್ ದೇಹದಲ್ಲಿ ಸ್ಯಾಲಿಸಿಲಿಕ್ ಆಮ್ಲವಾಗುತ್ತದೆ, ಅದು ಎಚ್‌ಎಂಜಿಬಿ-1ರ ಕೆಲಸಕ್ಕೆ ಅಡ್ಡಿಮಾಡುತ್ತದೆ. 2015ರಲ್ಲಿ ಹವಾಯಿ ತಂಡ ಆಸ್ಪಿರಿನ್ ಕೊಟ್ಟ ಇಲಿಗಳಲ್ಲಿ ಮನುಷ್ಯ ಮೀಸೋಥೀಲಿಯೋಮಾ ಗೆಡ್ಡೆ ನಿಧಾನವಾಗಿ ಬೆಳೆಯಿತು ಎಂದು ವರದಿ ಮಾಡಿತು. ಇಂಥ ಸುದ್ದಿ ಓದಿದ ಕೂಡಲೇ ಮೆಡಿಕಲ್ ಶಾಪಿಗೆ ಓಡುವವರಿದ್ದಾರೆ. ಓಡಬಾರದು. ಇಲಿಯಲ್ಲಿ ತಡವಾಯಿತು ಎಂದರೆ ಮನುಷ್ಯರಲ್ಲಿ ತಪ್ಪುತ್ತದೆ ಎಂದಲ್ಲ, ಮತ್ತು ವರ್ಷಾನುಗಟ್ಟಲೆ ನುಂಗಿದ ಆಸ್ಪಿರಿನ್ ಹೊಟ್ಟೆಯಲ್ಲಿ ರಕ್ತ ಸುರಿಸಬಲ್ಲದು.

ರಕ್ತಪರೀಕ್ಷೆಯ ಆಸೆಯೂ ಹೀಗೇ. ಎಚ್‌ಎಂಜಿಬಿ-1 ಏರಿದೆ ಎಂದ ಮಾತ್ರಕ್ಕೆ ಆಸ್ಬೆಸ್ಟಾಸ್ ರೋಗ ಎನ್ನಲಾಗದು. ರಕ್ತನಂಜಿನಲ್ಲಿ ಏರುತ್ತದೆ, ದೊಡ್ಡ ಅಪಘಾತದಲ್ಲೂ ಏರುತ್ತದೆ. ಎಲ್ಲಿ ಕೋಶಗಳು ಒಡೆದು ಸತ್ತರೂ ಅದು ಕೂಗುತ್ತದೆ, ಎಲ್ಲಿಂದ ಎಂದು ಹೇಳುವುದಿಲ್ಲ.

ನಮ್ಮ ಬಿಳಿ ನಾರು

ಇಷ್ಟು ಹೊತ್ತು ಹೇಳಿದ್ದು ಬಹುಪಾಲು ನೀಲಿ ಆಸ್ಬೆಸ್ಟಾಸ್ ಬಗ್ಗೆ. ನಮ್ಮ ಮಾಡಿನ ಶೀಟಿನಲ್ಲಿ ಇರುವುದು ಬಿಳಿ ಆಸ್ಬೆಸ್ಟಾಸ್, ಕ್ರೈಸೊಟೈಲ್. ನಮ್ಮ ಗಣಿಗಳು ನಿಂತ ಮೇಲೆ ಅದನ್ನು ರಷ್ಯಾ ಮೊದಲಾದ ಕಡೆಯಿಂದ ಆಮದು ಮಾಡಿಕೊಳ್ಳುತ್ತೇವೆ. ಬಿಳಿಯದು ಬೇರೆ ಜಾತಿಯ ಖನಿಜ. ಅದರ ನಾರು ಸುರುಳಿಯಾಗಿ ಬಾಗುತ್ತದೆ, ಅದರಲ್ಲಿ ಕಬ್ಬಿಣ ಕಡಿಮೆ. ಆಮ್ಲೀಯ ವಾತಾವರಣದಲ್ಲಿ ಮೆಗ್ನೀಸಿಯಂ ಕಳೆದುಕೊಂಡು ತುಂಡಾಗುತ್ತದೆ. ಹಾಗಾಗಿ ಅದು ನಿರಪಾಯ, ಎಚ್ಚರದಿಂದ ಬಳಸಿದರೆ ಸಾಕು ಎಂದು ಉದ್ಯಮದವರು ಹೇಳುತ್ತಾ ಬಂದಿದ್ದಾರೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮಾತ್ರ ಬಿಳಿಯದನ್ನೂ ಸೇರಿಸಿ ಎಲ್ಲ ಬಗೆಯ ಆಸ್ಬೆಸ್ಟಾಸನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿಟ್ಟಿದೆ. ಐರೋಪ್ಯ ಒಕ್ಕೂಟ 2005ರಿಂದ ನಿಷೇಧಿಸಿದೆ.

ಹುಯಿಲು ಪ್ರೋಟೀನಿನ ಕಣ್ಣಿನಿಂದ ನೋಡಿದರೆ ಈ ಜಗಳ ಬೇರೆ ರೂಪ ತಾಳುತ್ತದೆ. 2013ರಲ್ಲಿ ಹವಾಯಿಯ ತಂಡವೇ ನೀಲಿ ಮತ್ತು ಬಿಳಿ ನಾರುಗಳನ್ನು ಇಲಿಗಳಲ್ಲಿ ಹೋಲಿಸಿ ನೋಡಿತು. ಒಂದೇ ಸಲ ಕೊಟ್ಟಾಗ ಎರಡರಿಂದಲೂ ಎಚ್‌ಎಂಜಿಬಿ-1 ಏರಿತು. ನೀಲಿಯದರಲ್ಲಿ ಏರಿದ್ದು ಇಳಿಯಲಿಲ್ಲ. ಬಿಳಿಯದರಲ್ಲಿ 8 ವಾರಗಳ ಒಳಗೆ ಮೊದಲಿನ ಮಟ್ಟಕ್ಕೆ ಬಂತು. ಉದ್ಯಮದ ಮಾತು ಇಲ್ಲಿಯವರೆಗೆ ಸರಿ. ಆದರೆ ಬಿಳಿ ನಾರನ್ನು ಬಿಡದೆ ಮತ್ತೆ ಮತ್ತೆ ಕೊಡುತ್ತಿದ್ದಾಗ ಹುಯಿಲು ಇಳಿಯಲೇ ಇಲ್ಲ. ಅಂದರೆ ಬಿಳಿಯದರ ಅಪಾಯ ಸಂಪರ್ಕ ಎಷ್ಟು ಸಲ, ಎಷ್ಟು ಕಾಲ ಎಂಬುದರಲ್ಲಿದೆ.

ಮಾಡಿನ ಮೇಲೆ ಮುಟ್ಟದೆ ಬಿಟ್ಟಿರುವ ಗಟ್ಟಿ ಶೀಟಿನಿಂದ ನಾರು ಏಳುವುದು ಕಡಿಮೆ, ಸಿಮೆಂಟು ಅದನ್ನು ಹಿಡಿದಿರುತ್ತದೆ. ಅದೇ ಶೀಟಿಗೆ ಹುಕ್ಕು ಹಾಕಲು ಡ್ರಿಲ್ ಇಟ್ಟಾಗ, ಗೋಡೆಯ ಅಳತೆಗೆ ಗ್ರೈಂಡರಿನಲ್ಲಿ ಕೊಯ್ದಾಗ, ಹಳೆಯದನ್ನು ಕೆಳಕ್ಕೆಸೆದು ಒಡೆದಾಗ ಏಳುವ ಬೂದಿಯಂಥ ಧೂಳಿನಲ್ಲಿ ಬಿಡಿ ನಾರಿರುತ್ತದೆ. ಮನೆಗೆ ಒಮ್ಮೆ ಶೀಟು ಹಾಕಿಸಿದವರು ಆ ಧೂಳನ್ನು ಒಂದು ದಿನ ಕುಡಿಯುತ್ತಾರೆ. ಶೀಟು ಕೂರಿಸುವುದನ್ನೇ ಕಸುಬು ಮಾಡಿಕೊಂಡ ಮೇಸ್ತ್ರಿ, ಅವನಿಗೆ ಶೀಟು ಹಿಡಿದುಕೊಡುವ ಹುಡುಗ, ಹಳೆಯ ಕಟ್ಟಡ ಕೆಡಹುವ ಕೂಲಿಯವರು, ಬಟ್ಟೆಗೆ ಹತ್ತಿ ಬಂದದ್ದನ್ನು ಕೊಡವಿ ಒಗೆಯುವ ಮನೆಯವರು, ಇವರಿಗೆ 8 ವಾರಗಳ ಬಿಡುವು ಸಿಗುವುದಿಲ್ಲ. ಕೊಯ್ಯುವ ಮೊದಲು ನೀರು ಹೊಯ್ದು ನೆನೆಸುವುದು, ಗ್ರೈಂಡರ್ ಬದಲು ಕೈಗರಗಸ ಹಿಡಿಯುವುದು, ಸೂಕ್ಷ್ಮ ಕಣ ತಡೆಯುವ ಮಾಸ್ಕ್ ಹಾಕುವುದು ಧೂಳನ್ನು ತಗ್ಗಿಸುತ್ತದೆ. ಮೂತಿಗೆ ಸುತ್ತಿದ ಟವೆಲ್ಲು 0.25 ಮೈಕ್ರಾನಿನ ನಾರನ್ನು ತಡೆಯುವುದಿಲ್ಲ.

ಸುಪ್ರೀಂ ಕೋರ್ಟು 1995ರ ಜನವರಿಯಲ್ಲಿ, ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಹೂಡಿದ್ದ ಮೊಕದ್ದಮೆಯಲ್ಲಿ, ಆಸ್ಬೆಸ್ಟಾಸ್ ಕಾರ್ಖಾನೆಗಳು ಪ್ರತಿ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಇವುಗಳಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಆದೇಶಿಸಿತು. ಆಗ ಹೊನಲೂಲುವಿನ ಪ್ರಯೋಗಗಳು ಇನ್ನೂ ನಡೆದಿರಲಿಲ್ಲ, ಆದರೂ ರೋಗದ ಗತಿಗೆ ತಕ್ಕ ಲೆಕ್ಕವೇ ಅದು. ಹೊರಗಿನ ಮೇಸ್ತ್ರಿಗೆ ಕಾರ್ಖಾನೆಯ ಹಾಜರಿ ಪುಸ್ತಕವಿಲ್ಲ. ಮುಂದೊಂದು ದಿನ ಹುಯಿಲನ್ನು ಬೇಗ ಗುರುತಿಸುವ ನಂಬಲರ್ಹ ರಕ್ತಪರೀಕ್ಷೆ ಬಂದರೂ, ಅದಕ್ಕೆ ಯಾರನ್ನು ಕರೆಯಬೇಕೆಂದು ಹೇಳುವ ಪಟ್ಟಿ ಎಲ್ಲೂ ಬರೆದಿಟ್ಟಿಲ್ಲ.